ಗಾಂವ್ಕರ್ ಸರ್ ಅವರ ಹೊಸ್ತಿಲು

ಗಾಂವ್ಕರ್ ಸರ್ ತಮ್ಮದೇ ತರಗತಿಗೂ ಕೇಳದೆ ಕಾಲಿಡುತ್ತಿರಲಿಲ್ಲ. ಹೊಸ್ತಿಲ ಹೊರಗೆ ನಿಂತು "ಒಳ್ಗೆ ಬರೂದಾ?" ಎನ್ನುವರು. ಒಮ್ಮೆ ಹುಡುಗರು ತಮಾಷೆಗೆ "ಬೇಡ" ಎಂದಾಗ ಪುಣ್ಯಾತ್ಮ ಗಂಟೆ ಹೊಡೆಯುವವರೆಗೂ ಹೊರಗೇ ನಿಂತಿದ್ದರು.

ಕುಮಟಾದ ಕಾಲೇಜಿನಲ್ಲಿ ಅವರು ಇತಿಹಾಸದ ಮೇಷ್ಟ್ರು. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಸೇಬಿನ ಮದ್ಯಕ್ಕೆ ಅಬಕಾರಿ ತೆರಿಗೆ ಬಿದ್ದು ಊರೂರಲ್ಲಿ ವಾದ ಎದ್ದದ್ದು ಅವರ ಪ್ರೀತಿಯ ಪಾಠ. ಜನ ಮನೆಯಲ್ಲೇ ಮಾಡಿಕೊಳ್ಳುತ್ತಿದ್ದ ಪಾನೀಯ ಅದು. ಅಳೆಯುವ ನೆಪದಲ್ಲಿ ಅಧಿಕಾರಿ ಮನೆಯೊಳಕ್ಕೇ ನುಗ್ಗಬಹುದಿತ್ತು. ಸರ್ ನಮ್ಮನ್ನು ಎರಡು ಪಾಲು ಮಾಡಿ ವಾದಕ್ಕೆ ಹಚ್ಚಿದರು. ನಾನು ರಾಜನ ಕಡೆ. "ತೆರಿಗೆ ಇಲ್ಲದೆ ಸೈನ್ಯ ಎಲ್ಲಿಂದ? ಹಡಗು ಕಾಯದಿದ್ದರೆ ವ್ಯಾಪಾರ ಎಲ್ಲಿಂದ?" ಎಂದು ಅಬ್ಬರಿಸಿ, ಗೆದ್ದೆ ಅಂದುಕೊಂಡೆ.

"ಆತು ತಂಗಿ, ತೆರಿಗೆ ಕೊಡ್ವ," ಎಂದರು ಸರ್. "ಆದ್ರೆ ನಿನ್ನ ಅವ್ವ ಮುರುಗಲ ಶರಬತ್ತು ಎಷ್ಟು ಭರಣಿ ಮಾಡೀದು ನೋಡೂಕೆ ಸರ್ಕಾರದವ ಅಡುಗೆಮನೆಗೆ ಬಂದ್ರೆ?"

"ಅವ್ವ ಕಸಬರಿಗೆ ತಕಂಡು ಓಡಿಸ್ತದೆ ಸರ್!"

"ಅಷ್ಟೇ ಸ್ವಾತಂತ್ರ್ಯ. ಕೇಳ್ದೆ ಒಳ್ಗೆ ಬರೂಕಾಗ."

ಆಮೇಲೆ ಇತಿಹಾಸಕ್ಕೆ ಮಕ್ಕಳೇ ಸೇರಲಿಲ್ಲ. ಸರ್ ನಿವೃತ್ತರಾಗಿ ನಮ್ಮ ಓಣಿಯ ಬಾಡಿಗೆ ಕೋಣೆಗೆ ಬಂದರು. ಮದುವೆ ಆಗಿರಲಿಲ್ಲ. ನಮ್ಮ ಕಡೆ ಅಕ್ಕಪಕ್ಕದವರು ಮಾತಾಡುತ್ತಲೇ ಒಲೆಯ ತನಕ ಬಂದುಬಿಡುತ್ತಾರೆ. ಸರ್ ಕೋಣೆಗೆ ಮಾತ್ರ ಕೇಳಿಯೇ ಕಾಲಿಡಬೇಕು. ಹೊಸ್ತಿಲಲ್ಲಿ ಅಪ್ಪಣೆಗೆ ಕಾಯುವ ವ್ಯವಧಾನ ಯಾರಿಗಿದೆ? ಹೋಗುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಭಾನುವಾರ ಮೀನುಸಾರಿನ ಡಬ್ಬಿ ಹಿಡಿದು ನಾನೊಬ್ಬಳೇ "ಒಳ್ಗೆ ಬರೂದಾ ಸರ್?" ಎನ್ನುತ್ತಿದ್ದೆ. "ಬಾ ತಂಗಿ, ಬಾ!" ಎನ್ನುವ ಆ ಸಂಭ್ರಮ ಕೇಳಿದರೆ, ವಾರವಿಡೀ ಅವರು ಆಡಿದ ಮೊದಲ ಮಾತು ಅದೇ ಇರಬೇಕು ಅನಿಸಿ ಸಂಕಟವಾಗುತ್ತಿತ್ತು.

ಕಳೆದ ಚಳಿಗಾಲದ ಒಂದು ಭಾನುವಾರ ಮೂರು ಸಲ ಕೇಳಿದೆ. ಉತ್ತರವಿಲ್ಲ. ಬಾಗಿಲು ಅರೆ ತೆರೆದಿತ್ತು, ಒಳಗೆ ಫ್ಯಾನು ತಿರುಗುತ್ತಿತ್ತು. ಮಲಗಿರಬೇಕು ಅಂದುಕೊಂಡು ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ಬಂದೆ.

ಮರುದಿನ ಬೆಳಿಗ್ಗೆ ಡಬ್ಬಿ ಅಲ್ಲೇ ಇತ್ತು, ಇರುವೆಗಳು ಮುತ್ತಿದ್ದವು. ಆಗ ಮಾತ್ರ ಕೇಳದೆ ನುಗ್ಗಿದೆ. ಸರ್ ಮಂಚದ ಪಕ್ಕ ನೆಲದ ಮೇಲೆ ಬಿದ್ದಿದ್ದರು. ಪಾರ್ಶ್ವವಾಯು.

ಆಸ್ಪತ್ರೆಯಲ್ಲಿ ತೊದಲುತ್ತಾ ಹೇಳಿದರು: "ನೀ ಕರ್ದದ್ದು... ಕೇಳ್ತು. ಬಾ ಹೇಳೂಕೆ... ನಾಲಿಗೆ ತಿರುಗ್ಲಿಲ್ಲ."

"ನಾನು ನುಗ್ಗಬೇಕಿತ್ತು ಸರ್," ಎಂದು ಅತ್ತುಬಿಟ್ಟೆ.

ಸರ್ ನನ್ನ ಕೈ ಹಿಡಿದುಕೊಂಡರು. "ಹೌದು ತಂಗಿ. ಅದೊಂದು... ನಾ ಕಲಿಸ್ಲಿಲ್ಲ."

ಮೂರನೇ ದಿನ ತೀರಿಕೊಂಡರು. ಕೋಣೆ ಖಾಲಿ ಮಾಡಲು ಹೋದಾಗ ಹೊಸ್ತಿಲಲ್ಲಿ ನಿಂತು ಕೇಳಿದೆ. ಉತ್ತರಕ್ಕೆ ಕಾಯದೆ ಒಳಗೆ ಹೋದೆ.