ಕತ್ತಲಕ್ಕ ಮತ್ತು ಹಠಮಾರಿ ಹರಳುಗಳು

ನಮ್ಮ ಆಸ್ಪತ್ರೆಯ ಎಕ್ಸ್‌ರೇ ವಿಭಾಗದ ಹಿಂದೆ, ಮೆಟ್ಟಿಲ ಕೆಳಗೆ, ಒಂದು ಪುಟ್ಟ ಕೋಣೆ. ಕಿಟಕಿಯ ಗಾಜಿಗೆ ಕಪ್ಪು ಬಣ್ಣ, ಬಾಗಿಲಿಗೆ ದಪ್ಪ ಪರದೆ, ಒಳಗೆ ಮಂಕಾದ ಒಂದು ಕೆಂಪು ಬಲ್ಬು. ಅಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ ಹೆಂಗಸನ್ನು ನರ್ಸುಗಳಿಂದ ಹಿಡಿದು ದೊಡ್ಡ ಡಾಕ್ಟರರವರೆಗೆ ಎಲ್ಲರೂ ಕರೆಯುತ್ತಿದ್ದದ್ದು ಕತ್ತಲಕ್ಕ ಅಂತಲೇ. ಪಕ್ಕದ ಔಷಧಿ ಉಗ್ರಾಣದಲ್ಲಿ ನನ್ನ ಕೆಲಸ. ಹಾಗಾಗಿ ನಾನು ಅವರನ್ನು ಹತ್ತಿರದಿಂದ ಬಲ್ಲೆ.

ಎಕ್ಸ್‌ರೇ ತೆಗೆಯುವವರು ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜನ್ನು ನೀವು ನೋಡಿರಬಹುದು. ಅದರೊಳಗೆ ಒಂದು ಸಣ್ಣ ಹರಳು ಇರುತ್ತದೆ. ಹರಳಿನಲ್ಲಿ ಪರಮಾಣುಗಳು ಸಾಲು ಹಿಡಿದು ಶಿಸ್ತಾಗಿ ಕೂತಿರುತ್ತವೆ. ಆದರೆ ಅಲ್ಲಲ್ಲಿ ಒಂದೊಂದು ಜಾಗ ಖಾಲಿ ಬಿದ್ದಿರುತ್ತದೆ. ಎಕ್ಸ್‌ರೇ ತಾಗಿದಾಗ ಚದುರಿದ ಎಲೆಕ್ಟ್ರಾನುಗಳು ಹೋಗಿ ಆ ಖಾಲಿ ಜಾಗಗಳಲ್ಲಿ ಸಿಕ್ಕಿಬೀಳುತ್ತವೆ. ಮೇಲೆ ಹಸಿರು ಬೆಳಕು ಬಿಟ್ಟರೆ ಬಿಡಿಸಿಕೊಂಡು ಬರುತ್ತವೆ, ಆಗ ಹರಳು ನೀಲಿಯಾಗಿ ಮಿನುಗುತ್ತದೆ. ಆ ಮಿನುಗನ್ನು ಯಂತ್ರದಲ್ಲಿ ಅಳೆದು ಯಾರ ಮೈಗೆ ಎಷ್ಟು ಕಿರಣ ತಾಗಿದೆ ಎಂದು ಹೇಳುವುದೇ ಕತ್ತಲಕ್ಕನ ಕೆಲಸ. ಅಳೆದಾದ ಮೇಲೆ ಜೋರು ಬೆಳಕಿನಲ್ಲಿಟ್ಟು ಹರಳನ್ನು ಅಳಿಸಿ, ಬ್ಯಾಡ್ಜನ್ನು ವಾಪಸು ಕಳಿಸುವುದು. ಸಿಟಿ ಬಸ್ಸಿನ ಡ್ರೈವರಾಗಿದ್ದ ಅವರ ಗಂಡ, ತನ್ನ ಹೆಂಡತಿ ಕತ್ತಲಲ್ಲಿ ಕೂತು ಬೆಳಕು ಎಣಿಸುತ್ತಾಳೆ ಎಂದು ಕಂಡಕ್ಟರುಗಳಿಗೆಲ್ಲ ಹೇಳಿಕೊಂಡು ನಗುತ್ತಿದ್ದರಂತೆ.

ಒಂದು ಸಲ ಬಸುರಿ ಟೆಕ್ನೀಷಿಯನ್ ಒಬ್ಬಳ ಬ್ಯಾಡ್ಜು ಮಾಮೂಲಿಗಿಂತ ಹತ್ತು ಪಟ್ಟು ತೋರಿಸಿತು. ಯಂತ್ರ ಕೆಟ್ಟಿರಬೇಕು ಎಂದು ವಿಭಾಗದ ಮುಖ್ಯಸ್ಥರು ತಳ್ಳಿಹಾಕಿದರು. ಕತ್ತಲಕ್ಕ ಆ ಹುಡುಗಿಯನ್ನು ಬೇರೆ ಕೋಣೆಗೆ ಹಾಕಿಸಿ, ಎಂಟು ಬ್ಯಾಡ್ಜುಗಳನ್ನು ಹಳೆಯ ಕೋಣೆಯ ಗೋಡೆಗಳ ಮೇಲೆ ಒಂದೊಂದು ಕಡೆ ಅಂಟಿಸಿ, ಒಂದು ವಾರ ಬಿಟ್ಟು ಓದಿದರು. ಬೀರುವಿನ ಹಿಂದಿನದು ಮಾತ್ರ ಉರಿದು ಹೋಗುವಷ್ಟು ಮಿನುಗಿತು. ಬೀರು ಸರಿಸಿದರೆ ಗೋಡೆಗೆ ಹೊದಿಸಿದ್ದ, ಕಿರಣ ತಡೆಯುವ ಸೀಸದ ತಗಡು ಒಂದು ಗೇಣು ಕೆಳಗೆ ಜಾರಿತ್ತು. ಆ ಹುಡುಗಿಗೆ ಸುಖವಾಗಿ ಹೆರಿಗೆಯಾಯಿತು. ಮುಖ್ಯಸ್ಥರು ಆಮೇಲೆ ಕತ್ತಲಕ್ಕನನ್ನು ಕಂಡರೆ ಕುರ್ಚಿಯಿಂದ ಎದ್ದು ನಿಲ್ಲತೊಡಗಿದರು.

ಕೆಲವು ಹರಳುಗಳು ಎಷ್ಟು ಬೆಳಕು ಸುರಿದರೂ ಪೂರ್ತಿ ಅಳಿಯುವುದಿಲ್ಲ. ಬ್ಯಾಡ್ಜಿಗೆ ಅವು ನಾಲಾಯಕ್ಕು, ಎಸೆಯಬೇಕು ಎಂಬುದು ನಿಯಮ. ಕತ್ತಲಕ್ಕ ಅವನ್ನು ಒಂದು ಡಬ್ಬಿಗೆ ಹಾಕಿ, ಯಾವುದು ಎಷ್ಟು ತಿಂಗಳು ಹಠ ಹಿಡಿಯಿತು ಎಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಯಾಕೆ ಈ ಉಸಾಬರಿ ಎಂದು ನಾನೊಮ್ಮೆ ಕೇಳಿದಾಗ, ಹಾಗೆ ಸುಮ್ಮನೆ ಎಂದಿದ್ದರು.

ಈ ಡಬ್ಬಿಯ ಸುದ್ದಿ ಹೇಗೋ ಎರಡು ಬಸ್ ಸ್ಟಾಪ್ ಆಚೆಗಿದ್ದ ಕಾಲೇಜಿನ ಸಂಶೋಧಕಿಯೊಬ್ಬಳ ಕಿವಿಗೆ ಬಿತ್ತು. ಅವಳು ಹರಳಿನಲ್ಲಿ ಬರಹ, ಚಿತ್ರಗಳನ್ನು ಉಳಿಸಿಡಲು ಹೊರಟವಳು. ಕಂಪ್ಯೂಟರಿಗೆ ಎಲ್ಲವೂ ಒಂದು ಮತ್ತು ಸೊನ್ನೆ ತಾನೇ. ನೇರಳಾತೀತ ಲೇಸರಿನಿಂದ ಎಲೆಕ್ಟ್ರಾನು ತುಂಬಿಸಿದ ಚುಕ್ಕೆ ಒಂದು, ತುಂಬಿಸದೆ ಬಿಟ್ಟದ್ದು ಸೊನ್ನೆ. ಓದಲು ಅದೇ ಹಸಿರು ಬೆಳಕು. ಅಕ್ಕಿಕಾಳಿನಷ್ಟು ಹರಳಿನಲ್ಲಿ ಒಂದು ಲೈಬ್ರರಿಯನ್ನೇ ಹಿಡಿಸಬೇಕೆಂಬುದು ಅವಳ ಆಸೆ. ಆದರೆ ಬರೆದದ್ದು ಎರಡೇ ದಿನಕ್ಕೆ ಅಳಿಸಿಹೋಗುತ್ತಿತ್ತು. ಹಠಮಾರಿ ಹರಳುಗಳನ್ನು ಒಯ್ದಳು. ಅವುಗಳಲ್ಲಿ ಬರೆದದ್ದೂ ಓದಲಾಗದಷ್ಟು ಮಸುಕಾಯಿತು. ಮೂರು ತಿಂಗಳಲ್ಲಿ ನಲವತ್ತು ಹರಳು ಬದಲಾಯಿಸಿ, ಸೋತ ಮುಖ ಹೊತ್ತು ಡಬ್ಬಿ ವಾಪಸು ಕೊಡಲು ಬಂದಳು.

ಕತ್ತಲಕ್ಕ ಒಂದೇ ಪ್ರಶ್ನೆ ಕೇಳಿದರು. "ಪೂರ್ತಿ ಒಂದೇ ಸಮ ಅಳಿಸಿಹೋಗುತ್ತಾ ಅಮ್ಮ, ಇಲ್ಲ ಒಂದು ಮಗ್ಗುಲು ಜಾಸ್ತಿನಾ?"

"ಎಡಗಡೆ ಜಾಸ್ತಿ ಅಕ್ಕ."

"ಹಾಗಾದ್ರೆ ಹರಳಿನ ತಪ್ಪಲ್ಲ. ನಾಳೆ ನಿನ್ನ ಕೋಣೆ ತೋರ್ಸು."

ಮರುದಿನ ಮಧ್ಯಾಹ್ನ ರಜೆ ಹಾಕಿ ಹೋದರು. ಅಲ್ಲಿ ನಡೆದದ್ದನ್ನು ನನಗೆ ಹೇಳಿದವಳು ಆ ಸಂಶೋಧಕ ಹುಡುಗಿಯೇ. ಪ್ರಯೋಗಾಲಯದ ಕಿಟಕಿಗೆ ಎರಡು ಪದರ ಕಪ್ಪು ಬಟ್ಟೆ, ಬಾಗಿಲ ಸಂದಿಗೆ ರಬ್ಬರು. ಎಲ್ಲ ಸರಿಯಿದೆ, ನೂರು ಸಲ ನೋಡಿದ್ದೇವೆ ಎಂದು ಅವಳ ಪ್ರೊಫೆಸರು ಹೇಳಿದರು. ಕತ್ತಲಕ್ಕ ಒಂದು ಸ್ಟೂಲು ಕೇಳಿ ಇಸಿದುಕೊಂಡು, ಹರಳು ಇಡುವ ಮೇಜಿನ ಮುಂದೆ ಕೂತು, ದೀಪ ಆರಿಸಲು ಹೇಳಿದರು. ಐದು ನಿಮಿಷವಾಯಿತು. ಹತ್ತಾಯಿತು. ಪ್ರೊಫೆಸರು ಮೊಬೈಲ್ ತೆಗೆದರೆ, ಅದನ್ನು ಒಳಗಿಡಿ, ಕಣ್ಣು ಇನ್ನೂ ಕತ್ತಲಿಗೆ ಪಳಗಿಲ್ಲ ಎಂದರು ಕತ್ತಲಕ್ಕ. ಇಪ್ಪತ್ತು ನಿಮಿಷದ ಹೊತ್ತಿಗೆ ಎದ್ದು, ತಡವರಿಸದೆ ಮೇಜಿನ ಕೆಳಗೆ ಕೈ ಹಾಕಿ ಒಂದು ಕಡೆ ಬೆರಳಿಟ್ಟರು.

ಅಲ್ಲಿದ್ದ, ಹರಳನ್ನು ತಂಪು ಮಾಡುವ ಯಂತ್ರದ ಹಿಂಬದಿಯಲ್ಲಿ ಸಾಸಿವೆ ಕಾಳಿನಷ್ಟು ಹಸಿರು ದೀಪವೊಂದಿತ್ತು. ಅದರ ಬೆಳಕು ಎಡಗಡೆಯ ಸ್ಟೀಲ್ ತಗಡಿಗೆ ಬಡಿದು ಹರಳಿನ ಮೇಲೆ ಬೀಳುತ್ತಿತ್ತು. ಹಗಲೂ ಇರುಳೂ ಅದು ಬರೆದದ್ದನ್ನು ತೊಳೆಯುತ್ತಲೇ ಇತ್ತು.

"ದೀಪದ ಬುಡದಲ್ಲಿ ಕತ್ತಲೆ ಅಂತಾರೆ. ನಿಮ್ಮಲ್ಲಿ ಕತ್ತಲೆ ಬುಡದಲ್ಲೇ ದೀಪ ಇದೆ," ಎಂದರು.

ಪ್ರೊಫೆಸರು ತಾವೇ ನೆಲದ ಮೇಲೆ ಮಂಡಿಯೂರಿ ಕಪ್ಪು ಟೇಪು ಅಂಟಿಸಿದರಂತೆ.

ಆಮೇಲೆ ಹಠಮಾರಿ ಹರಳುಗಳಲ್ಲೇ ಹೊಸದಾಗಿ ಬರೆಯುವುದೆಂದಾಯಿತು. ಏನು ಬರೆಯೋಣ, ನೀವೇ ಹೇಳಿ ಅಕ್ಕ ಎಂದು ಹುಡುಗಿ ಕೇಳಿದಳು. ಕತ್ತಲಕ್ಕ ಬ್ಯಾಗಿನಿಂದ ಎರಡು ಪುಟದ ಸುತ್ತೋಲೆ ತೆಗೆದುಕೊಟ್ಟರು. ಬ್ಯಾಡ್ಜನ್ನು ಬಟ್ಟೆಯ ಜೊತೆ ಒಗೆಯಬೇಡಿ, ಬಿಸಿಲಲ್ಲಿ ಬಿಡಬೇಡಿ, ಸಹೋದ್ಯೋಗಿಗೆ ಎರವಲು ಕೊಡಬೇಡಿ ಎಂದು ಅವರೇ ಟೈಪು ಮಾಡಿ ವರ್ಷವರ್ಷವೂ ಹಂಚುತ್ತಿದ್ದ ಕಾಗದ ಅದು.

"ಇಷ್ಟು ವರ್ಷದಲ್ಲಿ ಒಬ್ರೂ ಪೂರ್ತಿ ಓದಿಲ್ಲ. ನಿಮ್ಮ ಯಂತ್ರನಾದ್ರೂ ಓದ್ಲಿ."

ಆರು ತಿಂಗಳ ನಂತರ ಯಂತ್ರ ಓದಿತು. ಎರಡು ಪುಟದಲ್ಲಿ ನಾಲ್ಕು ಅಕ್ಷರ ಮಾತ್ರ ಮಸುಕಾಗಿದ್ದವು. ಲೈಬ್ರರಿಯ ಮಾತು ದೂರವೇ ಉಳಿದಿದೆ, ಆದರೆ ಬರೆದದ್ದು ಉಳಿಯುತ್ತದೆ ಎಂಬುದಂತೂ ಖಾತ್ರಿಯಾಯಿತು.

ಕತ್ತಲಕ್ಕ ಹೋದ ವರ್ಷ ನಿವೃತ್ತರಾದರು. ಈಗ ವಾರಕ್ಕೆರಡು ದಿನ ಕಾಲೇಜಿಗೆ ಹೋಗಿ ಹರಳು ಆರಿಸಿ ಕೊಡುತ್ತಾರೆ. ಅವರು ಆರಿಸಿದ್ದು ತಪ್ಪುವುದು ಅಪರೂಪ ಎಂದು ಹುಡುಗಿ ಹೇಳುತ್ತಾಳೆ. ಅವಳ ಪ್ರಬಂಧ ಅಚ್ಚಾದಾಗ ಬರೆದವರ ಸಾಲಿನಲ್ಲಿ ಮೂರನೆಯ ಹೆಸರು ಕತ್ತಲಕ್ಕನದು. ಅಭಿನಂದಿಸಲು ಫೋನ್ ಮಾಡಿದೆ. ಥ್ಯಾಂಕ್ಸ್ ಹೇಳಿದರು, ಆಮೇಲೆ ಏಳನೇ ಪುಟದ ಕೋಷ್ಟಕದಲ್ಲಿ ಒಂದು ಸಂಖ್ಯೆ ತಪ್ಪು ಬಿದ್ದಿದೆ, ತಿದ್ದಿಸಲು ಆಗಲೇ ಪತ್ರ ಬರೆದಿದ್ದೇನೆ ಎಂದರು.