ಅಣಬಿ ಅಕ್ಕೋರು

ಅಕ್ಕೋರ ಬಲಗೈ ಉಗುರುಗಳ ಸಂದಿಯಲ್ಲಿ ಯಾವಾಗಲೂ ಕಪ್ಪು ಮಣ್ಣು ಕೂತಿರುತ್ತಿತ್ತು. ಮಾತಾಡುತ್ತ ಆ ಬೆರಳುಗಳನ್ನು ಮೂಗಿಗೆ ಒಯ್ದು ಮೂಸಿ, ಏನೋ ನೆನಪಾದವರಂತೆ ತಲೆಯಾಡಿಸಿ, ಅದೇ ಕೈಯಿಂದ ರೊಟ್ಟಿ ಮುರಿಯುತ್ತಿದ್ದರು. ಎದುರಿಗೆ ಕೂತ ನನಗೆ ತುತ್ತು ಇಳಿಯುತ್ತಿರಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ಕಲಘಟಗಿ ಹತ್ತಿರದ ಹಳ್ಳಿಯೊಂದರ ಶಾಲೆಗೆ ನಾನು ಕನ್ನಡ ಕಲಿಸಲು ಹೋದಾಗ, ವಿಜ್ಞಾನ ಕಲಿಸುತ್ತಿದ್ದ ಅವರ ಬಾಡಿಗೆ ಮನೆಯಲ್ಲೇ ನನಗೂ ಜಾಗ ಸಿಕ್ಕಿತು. ಅವರು ನನಗಿಂತ ಬಹಳ ಹಿರಿಯರು, ಮದುವೆಯಾದವರಲ್ಲ. ಅಣಬೆಯನ್ನು ನಾಯಿಕೊಡೆಯೆಂದು ಹೊಸ್ತಿಲ ಆಚೆಗೇ ಇಡುವ ಮನೆತನ ನಮ್ಮದು. ಇಲ್ಲಿ ನೋಡಿದರೆ ಕಿಟಕಿಯಲ್ಲಿ ಅಣಬೆ, ಗೋಡೆಯ ಮಾಡದಲ್ಲಿ ಅಣಬೆ, ನನ್ನ ಹಾಸಿಗೆಯ ತಲೆದೆಸೆಯಲ್ಲೂ ಅಣಬೆ. ಒಂದು ಜಾತಿಯದು ಕೊಳೆತು, ಶಾಯಿಯಂಥ ಕಪ್ಪು ರಸವಾಗಿ ಗೋಡೆಗುಂಟ ಇಳಿಯುತ್ತಿತ್ತು. ಒಮ್ಮೆಯಂತೂ ಅಡವಿಯಿಂದ ಬಿಳಿ ಬಲೆಯ ಲಂಗ ಉಟ್ಟಂಥ ಅಣಬೆಯೊಂದನ್ನು ನನ್ನ ಊಟದ ಡಬ್ಬಿಯಲ್ಲೇ ತಂದರು. ಮುಚ್ಚಳ ತೆಗೆದರೆ ಸತ್ತ ನಾಯಿಯ ನಾತ, ಲೋಳೆಗೆ ಮುತ್ತಿದ ನೊಣ. ಡಬ್ಬಿ ಸಮೇತ ತಿಪ್ಪೆಗೆ ಎಸೆದೆ.

"ಯಾಕ ಬೇ, ನೊಣಾ ಬರಲಿ ಅಂತನ ಅದು ನಾರತೈತಿ. ಅದರ ಬೀಜಾ ನೊಣದ ಕಾಲಿಗೆ ಹತ್ತಿ ಊರೂರು ತಿರಗತಾವು," ಎಂದು ನಕ್ಕರು.

"ನನಗ ಹೇಸಿಕಿ ಬರತೈತ್ರಿ ಅಕ್ಕೋರ."

"ಬರಲಿ. ಆದರ ಮಾರಿ ತಿರವಬ್ಯಾಡ. ಮಾರಿ ತಿರವಿದ್ರ ಏನ ಐತಿ ಅಂತ ಹೆಂಗ ತಿಳೀತೈತಿ?"

ಮಳೆಗಾಲದ ರವಿವಾರಗಳಲ್ಲಿ ಬಸ್ಸು ಹಿಡಿದು ಮೊರಬ, ಅಣ್ಣಿಗೇರಿ ಕಡೆಗೂ ಹೋಗುತ್ತಿದ್ದರು. ನಮ್ಮ ಅಡವಿಯ ದಿಮ್ಮಿಗಳಲ್ಲಿ ಏಳುವ ಜಾತಿಗಳು ಎರೆ ಭೂಮಿಯಲ್ಲಿ ಕಾಣುವುದಿಲ್ಲ, ಅಲ್ಲಿ ತಿಪ್ಪೆ, ಬಣವೆ ಬಿಟ್ಟರೆ ಅವಕ್ಕೆ ಮನೆಯಿಲ್ಲ ಎಂದು ಬಂದು ಹೇಳುತ್ತಿದ್ದರು. ಸೀರೆಯ ಅಂಚಿಗೆ ಸಗಣಿ ಮೆತ್ತಿರುತ್ತಿತ್ತು. ನಾನು ಮೂಗು ಮುಚ್ಚಿಕೊಂಡೇ ಕೇಳುತ್ತಿದ್ದೆ.

ಒಂದು ಶ್ರಾವಣದ ಮಧ್ಯಾಹ್ನ ಬಾಜು ಮನೆಯಿಂದ ಚೀರಾಟ ಕೇಳಿತು. ಓಡಿದೆವು. ಬಡಗಿ ಮುದುಕ, ಅವನ ಹೆಂಡತಿ, ಮಗ ಮೂವರೂ ವಾಂತಿ ಮಾಡಿಕೊಂಡು ನೆಲಕ್ಕೆ ಬಿದ್ದಿದ್ದರು. ಸೊಸೆಯೊಬ್ಬಳೇ ನಿಂತಿದ್ದಳು, ತುಟಿ ಒಡೆದು ರಕ್ತ ಸುರಿಯುತ್ತಿತ್ತು.

"ಹತ್ತಿ ಹುಳಕ್ಕ ಹೊಡಿಯೂ ಎಣ್ಣಿ ಪಲ್ಲೇದಾಗ ಹಾಕ್ಯಾಳ್ರಿ ಈ ರಂಡಿ! ತಾ ಮಾತ್ರ ತಿಂದಿಲ್ಲ!" ಅತ್ತೆ ಬಿದ್ದಲ್ಲಿಂದಲೇ ಕೂಗಿದಳು. ಅಂಗಳದಲ್ಲಿ ಮಂದಿ ನೆರೆದಿತ್ತು. ಪೊಲೀಸರನ್ನು ಕರೆಯಿರಿ ಎಂದು ಒಬ್ಬ, ಮೊದಲು ಇವಳನ್ನು ಕಂಬಕ್ಕೆ ಕಟ್ಟಿರಿ ಎಂದು ಇನ್ನೊಬ್ಬ.

"ನನಗ ಪಲ್ಲೆ ಉಳದಿದ್ದಿಲ್ರಿ ಅಕ್ಕೋರ," ಎಂದಳು ಸೊಸೆ. "ಅಣಬಿ ಮಾವನ ತಂದಿದ್ರು. ನಾ ಉಣ್ಣೂದು ಕಡೀಕ."

ಅಕ್ಕೋರು ನನ್ನತ್ತ ತಿರುಗಿ, "ಚಹಾ ಸೋಸೂ ಜಾಳಿಗಿ ತಾ," ಎಂದರು. ತಂದುಕೊಟ್ಟೆ. ಅವರು ಕುಕ್ಕರಗಾಲಲ್ಲಿ ಕೂತು, ವಾಂತಿ ಹಿಡಿದಿದ್ದ ಬೋಗುಣಿಗೆ ಕೈ ಹಾಕಿ, ಹಿಡಿ ಹಿಡಿಯಾಗಿ ಜಾಳಿಗೆಗೆ ಸುರಿದರು. "ನೀರ ಹಾಕು." ಹಾಕಿದೆ. ಹುಳಿ ನಾತಕ್ಕೆ ಮುಖ ತಿರುಗಿಸಿಕೊಂಡು ಇನ್ನೊಂದು ತಂಬಿಗೆ ಸುರಿದೆ. ಅವರು ಜಾಳಿಗೆಯನ್ನು ಮೂಗಿನ ತನಕ ಎತ್ತಿ ಮೂಸಿದರು. ಒಮ್ಮೆ, ಮತ್ತೊಮ್ಮೆ. ನೆರೆದವರೆಲ್ಲ ಹಿಂದೆ ಸರಿದರು.

"ಅಣಬಿ ಚೂರ ಅದಾವು, ಎಣ್ಣಿ ನಾತ ಇಲ್ಲ. ಹಾಕಿದ್ರ ಇಷ್ಟೊತ್ತಿಗೆ ಓಣಿ ತುಂಬ ಹೊಡೀತಿತ್ತು. ಅಣಬಿ ಎಲ್ಲಿ ಕಿತ್ತಿ ಕಾಕಾ?"

"ಹಿತ್ತಲ ತಿಪ್ಪಿ ಬಾಜೂಕ್ರಿ," ಮುದುಕ ನರಳಿದ. "ಬೆಳ್ಳಗ, ಅಗದಿ ಚೊಲೊ ಇದ್ವು. ಸಣ್ಣಾಂವ ಇದ್ದಾಗಿಂದ ತಿಂದೇನಿ, ನನಗ ತಿಳಿಯೂದಿಲ್ಲೇನು?"

ತಿಪ್ಪೆಯ ಪಕ್ಕ ಇನ್ನೂ ನಾಲ್ಕಾರು ಉಳಿದಿದ್ದವು. ಅಕ್ಕೋರು ಎಳೆಯದೊಂದನ್ನು, ಬಲಿತದೊಂದನ್ನು ಕಿತ್ತು ತಲೆಕೆಳಗಾಗಿ ಹಿಡಿದರು. ಎಳೆಯದರ ಕೊಡೆಯಡಿ ಬೆಳ್ಳಗಿತ್ತು, ಬಲಿತದರದು ಪಾಚಿಗಟ್ಟಿದಂತೆ ಹಸಿರು. "ಕಾಕಾ ಎಳೀವು ನೋಡಿ ಮೋಸ ಹ್ವಾದ. ಇದು ಹಿಂಡಿ ಹಿಪ್ಪಿ ಮಾಡತೈತಿ, ಆದರ ಕೊಲ್ಲೂದು ಅಪರೂಪ. ಡಾಕ್ಟರು ಬರೂತನಕಾ ಉಪ್ಪು ಸಕ್ರಿ ನೀರು ಕುಡಸ್ರಿ." ಕಲಘಟಗಿಗೆ ಡಾಕ್ಟರನ್ನು ಕರೆತರಲು ಚಕ್ಕಡಿ ಹೋಯಿತು. ಅಕ್ಕೋರು ಸೊಸೆಯನ್ನು ಕೈಹಿಡಿದು ನಮ್ಮ ಮನೆಗೆ ಕರೆತಂದರು. ಬಲಿತ ಅಣಬೆಯನ್ನು ಬಿಳಿ ಹಾಳೆಯ ಮೇಲೆ ಬೋರಲಾಗಿಸಿ ಬಟ್ಟಲು ಮುಚ್ಚಿಟ್ಟರು.

ಮುಂಜಾನೆ ಬಟ್ಟಲೆತ್ತಿದಾಗ ಹಾಳೆಯ ಮೇಲೆ ಹಸಿರು ಪುಡಿ ಚಕ್ರದಂತೆ ಉದುರಿತ್ತು. ಅದನ್ನು ಹಿಡಿದು ಹೋಗಿ, ಎದ್ದು ಕೂತಿದ್ದ ಅತ್ತೆಯ ಮುಂದೆ ಇಟ್ಟರು. "ನೋಡವಾ, ನಿಮ್ಮನ್ನ ಕೆಡವಿದ್ದು ಇದು. ಅಣಬಿ ಮಾರಿ ಸುಳ್ಳ ಹೇಳತೈತಿ, ಅದರ ಪುಡಿ ಹೇಳೂದಿಲ್ಲ. ಹುಡಿಗಿ ಮೈಮ್ಯಾಲೆ ಮತ್ತ ಕೈ ಮಾಡಿದ್ರ ನಾನ ಪೊಲೀಸರನ್ನ ಕರಸ್ತೀನಿ." ಅತ್ತೆ ಹಾಳೆಯತ್ತ ನೋಡಲಿಲ್ಲ. ಮುದುಕನೇ ಬಂದು ಸೊಸೆಯನ್ನು ಕರೆದುಕೊಂಡು ಹೋದ. ನಾನು ಆ ಜಾಳಿಗೆಯನ್ನು ಹೂತುಹಾಕಿದೆ.

ಕೆಲವು ವರ್ಷಗಳ ಮೇಲೆ ಅವರಿಗೆ ನವಲಗುಂದದ ಕಡೆ ವರ್ಗವಾಯಿತು. ಸಕ್ಕರೆ ರೋಗ ಹಿಡಿದು, ಕಾಲಿನ ಗಾಯ ಕೊಳೆತು, ಅಣ್ಣಿಗೇರಿಯ ತಮ್ಮನ ಮನೆ ಸೇರಿದ್ದಾರೆಂದು ಸುದ್ದಿ ಬಂದಾಗ ಹೋದೆ. ಮನೆಯವರು ಮೂಗಿಗೆ ಸೆರಗು ಒತ್ತಿಕೊಂಡು ಬಾಗಿಲಲ್ಲೇ ನಿಂತು ಮಾತಾಡಿಸುತ್ತಿದ್ದರು. ಕೋಣೆಯ ನಾತ ಪಡಸಾಲೆಗೇ ಬಡಿಯುತ್ತಿತ್ತು.

ಒಳಗೆ ಹೋಗಿ ಕೂತೆ. ಅಕ್ಕೋರ ಕಣ್ಣುಗಳು ಮಂಜಾಗಿದ್ದವು. "ಇವರು ಯಾರೂ ಸರಿಯಾಗಿ ನೋಡವಲ್ರು. ನೀ ಪಟ್ಟಿ ಬಿಚ್ಚು. ಎಲ್ಲೀತನಕಾ ಬಂದೈತಿ, ಕಂಡದ್ದ ಹೇಳು."

ಬಿಚ್ಚಿದೆ. ಪಟ್ಟಿಯ ಜೊತೆ ಚರ್ಮವೂ ಬಂತು. ಬಗ್ಗಿ ನೋಡಿ ಹೇಳಿದೆ, "ಕಾಲಿನ ಹರಡಿನ ಗಂಟ ದಾಟೈತ್ರಿ ಅಕ್ಕೋರ. ಮ್ಯಾಲೆ ಮೀನಖಂಡದ ತನಕಾ ಕಪ್ಪಾಗೈತಿ."

"ಹೂಂ," ಎಂದರು ಸಮಾಧಾನದಿಂದ. "ಹಂಗಾದ್ರ ಇನ್ನ ಭಾಳ ದಿನ ಇಲ್ಲ."

ಅವರು ಹೇಳಿದಂತೆಯೇ ಆಯಿತು. ಅವರ ಜೀವ ಹೋಗುವ ತನಕ ನಾನು ಅಲ್ಲೇ ಉಳಿದೆ. ಆದರೆ ಹೇಸಿಕೆ ನನ್ನನ್ನು ಬಿಡಲಿಲ್ಲ. ಆ ಮೊದಲ ದಿನ ಗಾಯ ತೊಳೆದು, ಹೊಸ ಪಟ್ಟಿ ಕಟ್ಟಿ, ಹಿತ್ತಲಿಗೆ ಓಡಿ ಗೋಡೆ ಹಿಡಿದು ವಾಂತಿ ಮಾಡಿಕೊಂಡೆ. ಆಮೇಲೆ ಬಾಯಿ ಮುಕ್ಕಳಿಸಿ, ಮತ್ತೆ ಒಳಗೆ ಹೋದೆ.