ಮುನ್ನೂರ ಇಪ್ಪತ್ತಾರು ಎಂದ ಉಡಚವ್ವ

ನಮ್ಮ ಅಜ್ಜಿ ಉಡಚವ್ವನಿಗೆ ಎಂಬತ್ತೆಂಟೋ ತೊಂಬತ್ತೋ, ಅವಳಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಆದರೆ ಕೆಲಗೇರಿಯಲ್ಲಿ ಅವಳಷ್ಟು ಸಿಟ್ಟಿನವರು ಇನ್ನೊಬ್ಬರಿಲ್ಲವೆಂಬುದು ಊರಿಗೆಲ್ಲ ಗೊತ್ತು, ಮತ್ತು ಆ ಸಿಟ್ಟನ್ನು ಅವಳಿಗೆ ಮರಳಿ ತಂದುಕೊಟ್ಟವಳು ನಾನು ಎಂದು ಬರೆಯುವುದೇ ನನಗೆ ದೊಡ್ಡ ಖುಷಿ.

ಹೋದ ವರ್ಷ, ೧೯೬೧ರ ಮಳೆಗಾಲದಲ್ಲಿ, ಅಜ್ಜಿ ಪೂರಾ ಮಂಕಾಗಿದ್ದಳು. ಗೋಡೆಗೆ ಒರಗಿ ಕೂತವಳು ಉಂಡಿಯೇನು ಎಂದು ಐದು ಸಲ ಕೇಳುವಳು, ನನ್ನನ್ನು ಸತ್ತುಹೋದ ತನ್ನ ತಂಗಿ ಶೇವಂತಿಯ ಹೆಸರಿನಿಂದ ಕರೆಯುವಳು. ನಮ್ಮಪ್ಪ ಸೋಮಪ್ಪ ಸರಕಾರಿ ಸಾಲೆಯಲ್ಲಿ ಜವಾನ. "ಅವ್ವಗ ಅರಳುಮರಳು ಆಗೇತಿ, ಆಕೀನ ಏನೂ ಕೇಳಾಕ ಹೋಗಬ್ಯಾಡ" ಎಂದುಬಿಟ್ಟಿದ್ದ.

ನಾನು ಕಾಲೇಜಿನಿಂದ ಬಂದು ರಾಜ್ಯಾಂಗದ ಪುಸ್ತಕವನ್ನು ಇಂಗ್ಲಿಷಿನಲ್ಲಿ ಜೋರಾಗಿ ಓದುತ್ತಿದ್ದೆ, ಯಾಕೆಂದರೆ ನಮಗೆ ಎಲ್ಲವೂ ಇಂಗ್ಲಿಷಿನಲ್ಲೇ, ಜೋರಾಗಿ ಓದದಿದ್ದರೆ ನನ್ನ ತಲೆಗೆ ಹೋಗುವುದಿಲ್ಲ. ಒಂದು ಸಂಜೆ ಅಜ್ಜಿ ಕಣ್ಣು ಬಿಟ್ಟಳು.

"ಏನ ಶೇವಂತಿ ಅದು ವಟಾವಟಾ? ನನಗ ಬೈಯಾಕತ್ತೀ ಏನು?"

"ಇಲ್ಲಬೇ ಆಯಿ, ಕಾಯ್ದೆ ಓದಾಕತ್ತೇನಿ."

"ಯಾರ ಕಾಯ್ದೆ?"

"ನಮ್ದ. ದೇಶದ್ದು."

"ಹಂಗಾದ್ರ ನನಗ ತಿಳಿಯೂಹಂಗ ಓದು."

ಕೈಗೆ ಸಿಕ್ಕಿದ್ದು ಹದಿನೇಳನೆಯ ಕಲಮು. "ಮುಟ್ಟಲಾರದವರು ಅಂತ ಹೇಳಿ ಯಾರನ್ನೂ ದೂರ ಇಡೂಹಂಗಿಲ್ಲ, ಇಟ್ರ ಶಿಕ್ಷಾ" ಎಂದೆ. ಅಜ್ಜಿ ಗೋಡೆ ಬಿಟ್ಟು ನೆಟ್ಟಗೆ ಕೂತಳು.

"ಯಾವಾಗ ಬಂತಿದು?"

"ಹನ್ನೊಂದ ವರ್ಷ ಆತು."

"ಸೋಮಾ, ನಿನಗ ಗೊತ್ತಿತ್ತು?"

ಒಳಗಿನಿಂದ ಅಪ್ಪ "ಗೊತ್ತಿತ್ತಬೇ" ಎಂದ.

"ಮತ್ಯಾಕ ಹೇಳಲಿಲ್ಲ?"

"ಹೇಳಿ ಏನ ಮಾಡೂದಿತ್ತು?"

ಅಜ್ಜಿ ಬೀಸಿ ಒಗೆದ ಎಲೆಯಡಿಕೆಯ ಚೀಲ ಹೋಗಿ ಬಾಗಿಲಿಗೆ ಬಡಿಯಿತು. "ಹನ್ನೊಂದ ವರ್ಷ ಬಾಯಾಗ ಬೋರಂಗಿ ಹುಳಾ ಇಟಗೊಂಡ ಕುಂತಿದ್ದೀ ಏನೋ" ಎಂದು ಅಜ್ಜಿ ಬೈಯತೊಡಗಿದವಳು ಊಟದ ಹೊತ್ತಿನವರೆಗೆ ಬೈದಳು. ಒಂದು ಹೆಸರೂ ತಪ್ಪಲಿಲ್ಲ. ಉಂಡಿಯೇನು ಎಂದು ನನ್ನನ್ನು ಕೇಳಿದ್ದು ಒಂದೇ ಸಲ.

ಮರುದಿನದಿಂದ, ಬೇಕಾದದ್ದನ್ನು ಆರಿಸಿಕೊಂಡು, ದಿನಕ್ಕೊಂದು ಕಲಮು ಶುರುವಾಯಿತು. ಓದು ಬರದವಳು ನೆನಪಿಟ್ಟುಕೊಂಡದ್ದು ಹೇಗೆ ಗೊತ್ತೇ? ಅಜ್ಜಿ ಸೂಲಗಿತ್ತಿ. ಕೆಲಗೇರಿ, ಮುಗದ, ಹೆಬ್ಬಳ್ಳಿಗಳಲ್ಲಿ ಸುಮಾರು ಇನ್ನೂರ ನಲವತ್ತು ಕೂಸುಗಳನ್ನು ತನ್ನ ಕೈಯಲ್ಲಿ ಹಿಡಿದಿದ್ದಾಳೆ, ಮೊದಲನೆಯದು ಯಾವುದು, ಐವತ್ತನೆಯದು ಯಾವುದು ಎಂದು ಸಾಲಾಗಿ ಹೇಳುತ್ತಾಳೆ. ಆ ಸಾಲಿಗೇ ಕಲಮುಗಳನ್ನು ಒಂದೊಂದಾಗಿ ಕಟ್ಟಿಬಿಟ್ಟಳು. ಹದಿನಾಲ್ಕನೆಯ ಕೂಸು ಮುಗದದ ದಾನವ್ವನ ಮಗ, ಅವನಿಗೆ ಕಟ್ಟಿದ್ದು ಎಲ್ಲರೂ ಕಾಯ್ದೆಯ ಮುಂದೆ ಒಂದೇ ಎಂಬ ಹದಿನಾಲ್ಕನೆಯ ಕಲಮು. ಹದಿನೇಳನೆಯದು ಒಬ್ಬ ಅರಳೆ ವ್ಯಾಪಾರಿಯ ಮಗಳು. ಎರಡು ದಿನ ಅಡ್ಡಡ್ಡ ನಿಂತಿದ್ದ ಕೂಸನ್ನು ತಿರುಗಿಸಿ ತೆಗೆದ ಮೇಲೆ ಅಜ್ಜಿಯನ್ನು ಹಿತ್ತಲ ಬಾಗಿಲಿನಿಂದ ಕಳಿಸಿ, ಅವಳು ನಡೆದ ಜಾಗವನ್ನೆಲ್ಲ ಸೆಗಣಿ ನೀರಿನಿಂದ ಸಾರಿಸಿದ್ದರಂತೆ.

"ಕೂಸಿನ ಮೈಮ್ಯಾಲೆಲ್ಲಾ ನನ್ನ ಕೈ ಇತ್ತಲ್ಲ, ಅದನ್ನ ಯಾಕ ಸಾರಸಲಿಲ್ಲ?" ಎಂದು ಕೇಳಿದಳು. 

ಮುನ್ನೂರ ಇಪ್ಪತ್ತಾರಕ್ಕೆ ಕೂಸು ಸಾಲಲಿಲ್ಲ. ಇಪ್ಪತ್ತೊಂದು ತುಂಬಿದ ಎಲ್ಲರಿಗೂ ಓಟು ಎಂಬ ಆ ಕಲಮನ್ನು ಅವಳು ಬೀಸುವ ಕಲ್ಲಿನ ಮುಂದೆ ಕೂತು ಬಾಯಿಪಾಠ ಮಾಡಿದಳು. ಹಿಂದಿನ ಎರಡು ಚುನಾವಣೆಗಳಲ್ಲಿ ಅವಳನ್ನು ಯಾರೂ ಓಟಿಗೆ ಕರೆದಿರಲಿಲ್ಲ. ಈ ಸಲ ಹಾಕಲೇಬೇಕು ಎಂದಳು.

ದೀಪಾವಳಿಯ ಹೊತ್ತಿಗೆ ಶಾಂತಯ್ಯ ಮಾಸ್ತರರು ಮತದಾರರ ಯಾದಿ ಬರೆಯುತ್ತ ನಮ್ಮ ಓಣಿಗೆ ಬಂದರು. ಮನೆಯವರೆಲ್ಲ ಹೊರಗೆ ಹೋಗಿದ್ದೆವು. ಮಾಸ್ತರರು ನಡುಬೀದಿಯಲ್ಲೇ ನಿಂತು ಅಜ್ಜಿಯ ಹೆಸರು ಕೇಳಿ ಬರೆದುಕೊಂಡು, ಗಂಡನ ಹೆಸರೇನು ಎಂದರು. ಎಪ್ಪತ್ತು ವರ್ಷದಲ್ಲಿ ಆ ಹೆಸರು ಅಜ್ಜಿಯ ಬಾಯಿಂದ ಹೊರಟಿಲ್ಲ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಕೇಳಿದರೆ ಪಕ್ಕದವರು ಹೇಳುತ್ತಾರೆ, ಅವತ್ತು ಪಕ್ಕದಲ್ಲಿ ಯಾರೂ ಇರಲಿಲ್ಲ. ಮಾಸ್ತರರು ಮತ್ತೆ ಗಂಡನ ಹೆಸರು ಕೇಳಿದರು. ತನ್ನ ಹಕ್ಕು ತಪ್ಪಿಹೋದೀತೆಂದು ಹೆದರಿದ ಅಜ್ಜಿ ಗೊತ್ತಿದ್ದದ್ದನ್ನು ಗಟ್ಟಿಯಾಗಿ ಹೇಳಿದಳು: "ಮುನ್ನೂರಾ ಇಪ್ಪತ್ತಾರು."

ಮೂರನೆಯ ಸಲ ಕೇಳಿದಾಗಲೂ ಅದನ್ನೇ ಹೇಳಿದಳು.

ಯಾದಿಯನ್ನು ಚಾವಡಿಯಲ್ಲಿ ಅಂಟಿಸಿದಾಗ ನಾನೇ ಹೋಗಿ ನೋಡಿದೆ. ಅಪ್ಪನ ಹೆಸರಿತ್ತು, ಅವ್ವನದಿತ್ತು, ಅಜ್ಜಿಯದಿರಲಿಲ್ಲ. ಯಾಕೆಂದು ಕೇಳಿ ತೆಗೆಸಿ ನೋಡಿದರೆ, ಮಾಸ್ತರರ ಬರವಣಿಗೆಯ ವಹಿಯಲ್ಲಿ ಅವಳ ಹೆಸರಿನ ಮುಂದೆ 'ಬುದ್ಧಿಭ್ರಮಣೆ' ಎಂದಿತ್ತು. ಮುನ್ನೂರ ಇಪ್ಪತ್ತಾರರಲ್ಲೇ ಬರೆದಿದೆ, ಬುದ್ಧಿ ಸರಿಯಿಲ್ಲವೆಂದು ತೀರ್ಮಾನವಾದವರಿಗೆ ಕಾಯ್ದೆ ಓಟು ತಪ್ಪಿಸಬಹುದು. ಅದನ್ನು ಮನೆಯಲ್ಲಿ ಹೇಳುವುದೋ ಬೇಡವೋ ಎಂದು ಕೆರೆಯ ದಂಡೆಯಲ್ಲಿ ಎಷ್ಟೋ ಹೊತ್ತು ಕೂತೆ. ಹೇಳಿದೆ.

ಅಜ್ಜಿ ಬೈಯಲಿಲ್ಲ. ಸೀರೆ ಬದಲಿಸಿದಳು.

"ಬ್ಯಾಡಬೇ ಯವ್ವಾ" ಎಂದ ಅಪ್ಪ. "ನಂದು ಸರಕಾರಿ ನೌಕರಿ. ಒಂದ ಓಟಿನ ಸಲುವಾಗಿ ನಾಳೆ ನನಗ ಅಡಚಣಿ ಆಗತೈತಿ."

"ನಿನ್ನ ನೌಕರಿ ನೀ ಮಾಡಪಾ. ಹುಚ್ಚಿ ಅನಿಸಿಕೊಂಡಾಕಿ ನಾನು."

ಅಜ್ಜಿಯ ತಕರಾರನ್ನು ನಾನು ಬರೆದುಕೊಟ್ಟೆ. ಅದನ್ನು ಕೇಳುವ ಸಾಹೇಬರು ಚಾವಡಿಗೆ ಬಂದ ದಿನ ನಾವಿಬ್ಬರೇ ಹೋದೆವು. ಮೆಟ್ಟಿಲು ಹತ್ತಿ ದಣಿದ ಅಜ್ಜಿ ನೀರು ಕೇಳಿದಳು. ಸಾಹೇಬರ ಜವಾನ, ಪಟ್ಟೇವಾಲ, ತಂಬಿಗೆಯನ್ನು ಎತ್ತರ ಹಿಡಿದು, ಬೊಗಸೆ ಒಡ್ಡು ಎಂದು ಸನ್ನೆ ಮಾಡಿದ. ಅಜ್ಜಿ ಕೈ ಎತ್ತಲಿಲ್ಲ.

"ಸಾಹೇಬರ, ಇಲ್ಲೆ ಹದಿನೇಳನೇದು ಇನ್ನೂ ಬಂದಿಲ್ಲೇನ್ರಿ?"

ಸಾಹೇಬರಿಗೆ ಮೊದಲು ತಿಳಿಯಲಿಲ್ಲ. ಪಟ್ಟೇವಾಲನ ಕೈ ನೋಡಿದ ಮೇಲೆ ತಿಳಿಯಿತು. "ವಾಟೇದಾಗ ಕೊಡೋ" ಎಂದರು, ಮುಖ ಕೆಂಪಾಗಿತ್ತು. ಅಜ್ಜಿ ಕುಡಿದು ಲೋಟವನ್ನು ಸಾಹೇಬರ ಮೇಜಿನ ಮೇಲೆಯೇ ಇಟ್ಟಳು.

"ಹೇಳ್ರಿ ಮಾಸ್ತರ, ಈಕಿಗೆ ಏನಾಗೇತಿ?" ಎಂದರು ಸಾಹೇಬರು.

"ಗಂಡನ ಹೆಸರು ಕೇಳಿದ್ರ ಲೆಕ್ಕಾ ಹೇಳತಾಳ್ರಿ" ಎಂದರು ಶಾಂತಯ್ಯ ಮಾಸ್ತರರು.

"ಆ ಹೆಸರು ನಾ ಹೇಳೂದಿಲ್ಲ ಅಂತ ನಿಮಗ ಗೊತ್ತಿಲ್ಲೇನ್ರಿ? ನಿಮ್ಮ ಮನ್ಯಾಕಿ ಹೇಳತಾಳ?"

ಕೂತಿದ್ದವರು ನಕ್ಕರು. ಸಾಹೇಬರು, "ಆತು ತಂಗಿ, ನೀನಽ ಹೇಳಿಬಿಡು" ಎಂದು ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆದೆ. ಅಜ್ಜಿ ನನ್ನ ಮಣಿಕಟ್ಟು ಹಿಡಿದಳು, ಆ ವಯಸ್ಸಿನಲ್ಲೂ ಎಂಥ ಹಿಡಿತ.

"ಆಕಿ ಹೇಳೂದು ಬ್ಯಾಡ. ಓಟು ನಂದು. ನಲವತ್ತು ವರ್ಷದ ಹಿಂದ ಸತ್ತಾಂವನ ಹೆಸರಿಲ್ದ ನಾ ಇಲ್ಲೇ ಇಲ್ಲೇನ್ರಿ? ಮುನ್ನೂರಾ ಇಪ್ಪತ್ತಾರರಾಗ ಗಂಡ ಅಂತ ಎಲ್ಲಿ ಬರದೈತಿ ತೋರಸ್ರಿ. ಈ ಹುಡುಗಿ ಮೂರ ಸಲ ಓದಿ ಹೇಳ್ಯಾಳ, ಎಲ್ಲೂ ಇಲ್ಲ. ನಾ ಹುಟ್ಟಿದ್ದು ಗಂಡಗಲ್ಲ. ನಮ್ಮಪ್ಪಗ. ಗಿರಿಯಪ್ಪ. ಬರಕೋರಿ."

ಸಾಹೇಬರು ಫಾರ್ಮು ತಿರುಗಿಸಿ ನೋಡಿದರು. ತಂದೆ ಅಥವಾ ಗಂಡನ ಹೆಸರು ಎಂದು ಅಚ್ಚಾಗಿತ್ತು. ಅದನ್ನು ಮಾಸ್ತರರಿಗೆ ತೋರಿಸಿ, ಏನೂ ಅನ್ನದೆ, ಯಾದಿಯಲ್ಲಿ ತಾವೇ ಬರೆದರು: ಉಡಚವ್ವ, ತಂದೆ ಗಿರಿಯಪ್ಪ. ನನಗೆ ಕುಣಿಯಬೇಕೆನಿಸಿತು. "ಮುಗೀತಬೇ, ನಡಿ" ಎಂದೆ.

"ಎಲ್ಲಿ ಮುಗೀತು? ಹುಚ್ಚಿ ಅಂತ ಬರದದ್ದು ಎಲ್ಲೈತಿ?"

ಮಾಸ್ತರರು ವಹಿ ತೆರೆದು ಆ ಶಬ್ದದ ಮೇಲೆ ಒಂದು ಗೆರೆ ಎಳೆದರು.

"ಇನ್ನೂ ಕಾಣಸ್ತೈತಿ."

"ನಿನಗ ಓದಾಕ ಬರೂದಿಲ್ಲಲ್ಲಬೇ, ಏನ ಕಾಣಸ್ತೈತಿ ನಿನಗ?" ಎಂದರು ಮಾಸ್ತರರು.

"ಓದಾಕ ಬರೂದಿಲ್ಲ. ಕಣ್ಣ ಅದಾವು."

ಮಾಸ್ತರರು ಮತ್ತೊಮ್ಮೆ ಗೆರೆ ಹೊಡೆದರು. ಅಜ್ಜಿ ಮೇಜಿನ ಅಂಚು ಹಿಡಿದು ನಿಂತೇ ಇದ್ದಳು. ಇನ್ನೊಮ್ಮೆ ಎಂದಳು, ಇನ್ನೂ ಒಮ್ಮೆ ಎಂದಳು, ಕೊನೆಗೆ ಟಾಕಿನ ಲೇಖನಿಯ ಮೊನೆ ಕಾಗದವನ್ನು ಹರಿದು ಕೆಳಗಿನ ಹಾಳೆಗೆ ಇಳಿಯಿತು.